ಡ್ರಿಪ್ ಕಾಣೋ ಹಾಗೆ ಫೋಟೋ ಕಳ್ಸು

ನಿನ್ನೆ ಸಂಜೆಯಿಂದ ಹೊಟ್ಟೆ ಉರೀತಿದೆ. ಬರೆದು ಮುಗಿಸದೆ ನಿದ್ದೆ ಬರಲ್ಲ ಅಂತ ಕೂತಿದೀನಿ.

ದೊಡ್ಡಮ್ಮನಿಗೋಸ್ಕರ ನಾಲ್ಕು ದಿನದಿಂದ ನಾನು, ನನ್ನ ಹೆಂಡತಿ ಚಿಕ್ಕಮಗಳೂರು ಜಿಲ್ಲಾಸ್ಪತ್ರೆಗೆ ಓಡಾಡ್ತಿರೋದು ನಿಮಗೆಲ್ಲ ಗೊತ್ತೇ ಇದೆ. ಪಕ್ಕದ ಹಾಸಿಗೆಯಲ್ಲಿ ಕಡೂರು ಕಡೆಯ ಒಬ್ಬ ತಾಯಿ. ಉಸಿರಾಟದ ತೊಂದರೆ, ಆಕ್ಸಿಜನ್ ಹಾಕಿದ್ದಾರೆ. ಜೊತೆಗಿರೋನು ಒಬ್ಬನೇ ಮಗ. ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಗೆ ಇದ್ದಾನೆ. ಅವನಿಗೆ ಓನರ್ ಫೋನ್ ಬಂತು. ಸ್ಪೀಕರ್ ಹಾಕಿರಲಿಲ್ಲ, ಆದರೂ ಆ ದನಿ ನನ್ನ ತನಕ ಕೇಳಿಸ್ತು. "ಎರಡು ದಿನ ಅಂದವನು ಇವತ್ತಿಗೆ ನಾಲ್ಕಾಯ್ತು. ನಿಜವಾಗ್ಲೂ ಆಸ್ಪತ್ರೇಲಿದ್ರೆ ಫೋಟೋ ಕಳ್ಸು. ಡ್ರಿಪ್ ಕಾಣೋ ಹಾಗೆ."

ಹುಡುಗ ಮಾತಾಡಲಿಲ್ಲ. ಫೋನ್ ಎತ್ತಿ ಹಿಡಿದ. ಫೋಟೋ ತೆಗೀತಿದಾನೆ ಅಂತ ಗೊತ್ತಾದ ಕೂಡಲೇ ಆ ತಾಯಿ ನಡುಗೋ ಕೈಯಲ್ಲಿ ಸೆರಗು ಸರಿ ಮಾಡ್ಕೊಂಡ್ರು. ಯಾರಿಗೆ ತೋರಿಸೋಕೆ ಅಂತ ಅವರಿಗೆ ಗೊತ್ತಿರಲಿಲ್ಲ.

ಆ ಓನರ್ ಕೇಳಿದ್ದು ಯಾವ ಅಧಿಕಾರದ ಮೇಲೆ? ನಮ್ಮ ರಾಜ್ಯದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದದ್ದು 1961ರಲ್ಲಿ. ಅದರ 15ನೇ ಕಲಂನಲ್ಲಿ ಅಂಗಡಿ ಕೆಲಸದವರಿಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ಕಾಯಿಲೆಗೆ, ಅಪಘಾತಕ್ಕೆ, ಇಲ್ಲವೇ ಬೇರೆ ಯಾವುದೇ ಸಮಂಜಸವಾದ ಕಾರಣಕ್ಕೆ. ದುಡಿದ 20 ದಿನಕ್ಕೆ ಒಂದರಂತೆ ಸೇರೋ ಗಳಿಕೆ ರಜೆ ಬೇರೆ. ಹೆತ್ತ ತಾಯಿ ಆಕ್ಸಿಜನ್ ಮೇಲೆ ಮಲಗಿರೋದು ಸಮಂಜಸವಾದ ಕಾರಣ ಅಲ್ಲ ಅಂದ್ರೆ ಇನ್ಯಾವುದು? ಆ ನಾಲ್ಕು ದಿನ ಅವನ ಸ್ವಂತ ಸೊತ್ತು. ಓನರ್ ಕೊಡೋದು ಬೇಡ, ಬಿಟ್ಟರೆ ಸಾಕು.

ಕಾನೂನು ಪೂರ್ತಿ ಸರಿ ಇದೆ ಅಂತ ನಾನು ಹೇಳ್ತಿಲ್ಲ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ, ಸಂಬಳ 21,000 ರೂಪಾಯಿ ಒಳಗಿದ್ರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70 ಭಾಗ ಬರುತ್ತೆ. ಆದರೆ ಕಾಯಿಲೆ ಅವರದ್ದೇ ಆಗಿರಬೇಕು. ಬಾಣಂತಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಅಂತ 2017ರಲ್ಲಿ ಆಯ್ತು, ಬಹಳ ಒಳ್ಳೇದು. ಅಮ್ಮನ ತಲೆದೆಸೆಯಲ್ಲಿ ಕೂರೋ ಮಗನಿಗೆ, ಅತ್ತೆಗೆ ಗಂಜಿ ಕುಡಿಸೋ ಸೊಸೆಗೆ ಅಂತಲೇ ಖಾಸಗಿ ಕೆಲಸದಲ್ಲಿ ಬೇರೆ ರಜೆ ಇಲ್ಲ. ನನ್ನ ತಮ್ಮ ಸರ್ಕಾರಿ ಮೇಷ್ಟ್ರು, ಮಗು ಹುಟ್ಟಿದಾಗ 15 ದಿನ ಪಿತೃತ್ವ ರಜೆ ಸಿಕ್ತು. ಅವನ ಭಾಮೈದ ಫೈನಾನ್ಸ್ ಒಂದರಲ್ಲಿ ಕೆಲಸಕ್ಕಿದ್ದಾನೆ. ಮಗಳು ಹುಟ್ಟಿದ ಮಾರನೇ ದಿನವೇ ವಸೂಲಿಗೆ ಹೋದ.

ಈಗ ನನ್ನ ಮಾತು. ಆಲ್ದೂರು ಹತ್ತಿರದ ಕಾಫಿ ಎಸ್ಟೇಟಲ್ಲಿ 14 ವರ್ಷ ರೈಟರ್, ಅಂದ್ರೆ ಹಾಜರಿ ಲೆಕ್ಕ ಬರೆಯೋನು, ಆಗಿದ್ದೆ, ಹಳಬರಿಗೆ ಗೊತ್ತು. ರೋಬಸ್ಟಾ ಕೊಯ್ಲು ಜೋರಾಗಿದ್ದ ಒಂದು ವಾರ ಲೈನ್ ಮನೆಯ (ಎಸ್ಟೇಟ್ ಕೂಲಿಯವರ ಸಾಲುಮನೆ) ಹೆಂಗಸೊಬ್ಬಳು ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದಾಗ "ಮಗೂಗೆ ಜ್ವರ ಅಂದ್ರೆ ಆಯ್ತಾ, ಚೀಟಿ ಎಲ್ಲಿ?" ಅಂದೆ. ಎಲೆಅಡಿಕೆ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಆಸ್ಪತ್ರೆ ಚೀಟಿ ತೆಗೆದು ಕೊಟ್ಟಳು. ನೋಡಿದೆ. ನೋಡಿದ ಮೇಲೂ ಚೆಕ್‌ರೋಲಿನಲ್ಲಿ, ಅಂದ್ರೆ ಹಾಜರಿ ಪುಸ್ತಕದಲ್ಲಿ, ಎರಡು ದಿನಕ್ಕೂ ಆಬ್ಸೆಂಟ್ ಬರೆದೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿ ಅವಳಿಗೂ 20 ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ ಇತ್ತು. ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ. ಸಾವ್ಕಾರ್ರು ಹಾಗೆ ಬರಿ ಅಂತ ಹೇಳಿಯೂ ಇರಲಿಲ್ಲ. ನಿನ್ನೆ ಆ ಹುಡುಗ ಫೋನ್ ಎತ್ತಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಪ್ಲಾಸ್ಟಿಕ್ ಕವರು.

ಕೆಲವರು ಕೇಳ್ತೀರ, ಗೊತ್ತು. ಇಬ್ಬರು ಹುಡುಗರನ್ನ ಇಟ್ಕೊಂಡಿರೋ ಸಣ್ಣ ಅಂಗಡಿಯವನು ಒಬ್ಬ ಬರದಿದ್ರೆ ಏನ್ ಮಾಡ್ಬೇಕು? ಸುಳ್ಳು ಹೇಳಿ ರಜೆ ಹಾಕೋರು ಇಲ್ವಾ? ಇದ್ದಾರೆ. 14 ವರ್ಷ ಅಂಥ ಸುಳ್ಳುಗಳನ್ನ ನಾನೇ ಕೇಳಿದೀನಿ. ತಂಗಿ ಮನೆ ಗೃಹಪ್ರವೇಶ ಅಂದ್ರೆ ಬೈದು ಕಳಿಸ್ತಿದ್ವಿ, ಹೊಟ್ಟೆನೋವು ಅಂದ್ರೆ ಬಿಡ್ತಿದ್ವಿ. ಸುಳ್ಳು ಕಲಿಸಿದವರು ನಾವೇ. ಇನ್ನು ಕಷ್ಟದ ಮಾತು. ಸೀಸನ್‌ನಲ್ಲಿ ರಾತ್ರಿ ಹತ್ತರ ತನಕ ಅದೇ ಹುಡುಗನ್ನ ನಿಲ್ಲಿಸ್ಕೊಳ್ಳುವಾಗ ಅವನ ಕಷ್ಟ ಯಾರೂ ಕೇಳಿರಲ್ಲ. ಸಂಶಯ ಇದ್ರೆ ಡಿಸ್ಚಾರ್ಜ್ ಆದ ಮೇಲೆ ಆಸ್ಪತ್ರೆ ಕಾಗದ ಕೇಳಿ, ಅದು ನ್ಯಾಯ. ಮಲಗಿರೋ ತಾಯಿಯ ಫೋಟೋ ಕೇಳಬೇಡಿ. ಆ ಫೋಟೋ ಈಗ ಯಾರದ್ದೋ ಫೋನಲ್ಲಿ ಸೀರೆ ಸ್ಟಾಕ್ ಫೋಟೋಗಳ ನಡುವೆ ಬಿದ್ದಿರುತ್ತೆ, ಅದನ್ನ ನೆನೆಸ್ಕೊಂಡ್ರೆ ಕೈ ನಡುಗುತ್ತೆ.

ರಾತ್ರಿ ಹೊರಡೋ ಮುಂಚೆ ಔಷಧಿ ಬಿಲ್ಲಿನ ಹಿಂದೆ ಕಾಯ್ದೆ ಹೆಸರು, 15ನೇ ಕಲಂ ಅಂತ ಬರೆದು ಹುಡುಗನ ಕೈಗೆ ಕೊಟ್ಟೆ. ಓದಿ ಜೇಬಿಗೆ ಹಾಕ್ಕೊಂಡ. "ಇದು ತೋರಿಸಿದ್ರೆ ಕೆಲಸದಿಂದ ತೆಗೀತಾರೆ ಅಣ್ಣ" ಅಂದ. ಕಾರ್ಮಿಕ ಇಲಾಖೆ ಕಚೇರಿಗೆ ನಾನೂ ಜೊತೆಗೆ ಬರ್ತೀನಿ ಅಂದೆ. ಅಮ್ಮ ಮನೆಗೆ ಬರಲಿ, ಆಮೇಲೆ ನೋಡೋಣ ಅಂದ.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಅವನು ಅಂಗಡಿಗೆ ಹೋದ. ಆ ತಾಯಿಗೆ ಮಧ್ಯಾಹ್ನದ ಗಂಜಿ ನನ್ನ ಹೆಂಡತಿ ತಗೊಂಡು ಹೋಗ್ತಾಳೆ.