ಬೆದರಿಕೆ ಕರೆ ಬಂದದ್ದು ಯಾರಿಗೆ?

ಶಾಲೆಗಳಿಂದ ಪ್ರಾರ್ಥನೆ ತೆಗೆದಾಗಿನಿಂದ ಅಮೆರಿಕದ ಕ್ರೈಸ್ತರಿಗೆ ಕಿರುಕುಳ ಶುರುವಾಯಿತು ಅಂತ ಬರೆದಿದ್ದೀರಿ. ಹಾಗೇನಿಲ್ಲ. 1962ರಲ್ಲಿ ಸುಪ್ರೀಂ ಕೋರ್ಟ್ ಬೇಡ ಅಂದದ್ದು, ನ್ಯೂಯಾರ್ಕ್ ರಾಜ್ಯದ ಅಧಿಕಾರಿಗಳೇ ಬರೆದುಕೊಟ್ಟ ಪ್ರಾರ್ಥನೆಯನ್ನು ಸರ್ಕಾರಿ ಶಾಲೆಯಲ್ಲಿ ಹೇಳಿಸುವುದನ್ನು. ಮಗು ತಾನೇ ಕಣ್ಮುಚ್ಚಿ ದೇವರನ್ನು ನೆನೆದರೆ ಇವತ್ತಿಗೂ ಯಾರ ತಕರಾರೂ ಇಲ್ಲ. ಕೇಸ್ ಹಾಕಿದ ಪೋಷಕರಲ್ಲಿ ಯಹೂದಿಗಳೂ ಇದ್ದರು. ಬೆದರಿಕೆ ಕರೆಗಳು ಬಂದದ್ದು ಆ ಪೋಷಕರಿಗೆ, ಅದನ್ನೂ ಬರೆಯಬಹುದಿತ್ತು ಅಲ್ವಾ?

ಅಲ್ಲಿನ ಕ್ರೈಸ್ತರ ನೋವು ಸುಳ್ಳು ಅನ್ನುತ್ತಿಲ್ಲ. ತಲೆಮಾರುಗಳಿಂದ ತಮ್ಮದೇ ಅಂದುಕೊಂಡ ಜಾಗದಲ್ಲಿ ಸ್ವಲ್ಪ ಸರಿದು ಕೂರಿ ಅಂದರೆ ಯಾರಿಗಾದರೂ ಚುರುಕ್ ಅನ್ನುತ್ತದೆ. ಆದರೆ ಕ್ರಿಸ್‌ಮಸ್‌ಗೆ 1870ರಿಂದಲೂ ಅಲ್ಲಿ ಸರ್ಕಾರಿ ರಜೆ ಇದೆ. ನಾನು ಡಲ್ಲಾಸ್‌ನಲ್ಲಿದ್ದಾಗ ದೀಪಾವಳಿಗೆ ಸ್ವಂತ ರಜೆ ಹಾಕಿಯೇ ಹೋಳಿಗೆ ಮಾಡಬೇಕಿತ್ತು. ಅದನ್ನು ಕಿರುಕುಳ ಅಂತ ನಾನೇ ಕರೆಯಲಿಲ್ಲ.