ಎಡಗಾಲಿಗೊಂದು, ಬಲಗಾಲಿಗಿನ್ನೊಂದು

ಏಪ್ರಿಲ್ ತಿಂಗಳಲ್ಲಿ ಕೊಪ್ಪಳದಲ್ಲಿ ಕೂತು ಉಣ್ಣೆ ಕಾಲುಚೀಲ ಹೆಣೆದವಳು ನಾನೊಬ್ಬಳೇ ಇರಬೇಕು. ಹೊರಗೆ 40 ಡಿಗ್ರಿ ಬಿಸಿಲು. ಒಳಗೆ ಕೂಲರ್ ಮುಂದೆ ನಾನು, ನನ್ನ ತೊಡೆಯ ಮೇಲೆ ಉಣ್ಣೆಯ ಉಂಡೆ. ಬೆವರಿಗೆ ದಾರ ಬೆರಳಿಗೇ ಅಂಟುತ್ತಿತ್ತು.

ಇದಕ್ಕೆಲ್ಲ ಕಾರಣ ನನ್ನ ತಂಗಿ. ಅವಳು ಇರೋದು ಜರ್ಮನಿಯಲ್ಲಿ. ಹೋದ ಸಲ ಬಂದಾಗ ಚಾಕೊಲೇಟ್ ತರುತ್ತಾಳೆ ಅಂದುಕೊಂಡಿದ್ದೆ. ತಂದದ್ದು 100 ಗ್ರಾಂ ದಾರ. "ಅಕ್ಕಾ, ಇದು ತಾನ ಪಟ್ಟಿ ಹಾಕ್ಕೊಳ್ಳೋ ದಾರ. ನೀ ಸುಮ್ನ ಹೆಣಕೊಂತ ಹೋಗು" ಅಂದಳು.

ಮಾಟ ಏನಿಲ್ಲ. ಕಾರ್ಖಾನೆಯಲ್ಲೇ ಒಂದೇ ದಾರಕ್ಕೆ ಕೆಲವು ಮೀಟರ್ ಹಳದಿ, ಆಮೇಲೆ ಕೆಲವು ಮೀಟರ್ ಕಿತ್ತಳೆ, ಕೆಂಪು, ಬದನೆಕಾಯಿ ಬಣ್ಣ, ಹೀಗೆ ಅಳತೆ ಮಾಡಿ ಬಣ್ಣ ಹಾಕಿರುತ್ತಾರೆ. ಕಾಲುಚೀಲದ ಒಂದು ಸುತ್ತಿಗೆ ಸುಮಾರು 60-70 ಸೆಂಟಿಮೀಟರ್ ದಾರ ಬೇಕು. 6 ಮೀಟರ್ ಹಳದಿ ಇದ್ದರೆ ಒಂಬತ್ತೋ ಹತ್ತೋ ಸುತ್ತು ಹಳದಿ. ಆಮೇಲೆ ತಾನಾಗಿ ಕಿತ್ತಳೆ ಬರುತ್ತೆ. ಹೆಣೆಯುವವರ ತಲೆ ಖಾಲಿ ಇದ್ದರೂ ನಡೆಯುತ್ತೆ. ನನಗೆ ಹಿಡಿಸಿದ್ದೇ ಅದು.

ನಮ್ಮತ್ತೆಗೆ ಮಾತ್ರ ನಂಬಿಕೆ ಬರಲಿಲ್ಲ. ನಮ್ಮ ಕಡೆ ಉಣ್ಣೆ ಅಂದರೆ ಕಂಬಳಿ. ಕರಿ ಕುರಿಯ ಒರಟು ಉಣ್ಣೆ, ನೂಲಿಗೆ ಹುಣಸೆ ಬೀಜದ ಗಂಜಿ, ಮೈಗೆ ಹೊದ್ದರೆ ಚುಚ್ಚಲೇಬೇಕು. ಅತ್ತೆ ದಾರವನ್ನು ಕೆನ್ನೆಗೆ ಒತ್ತಿ ನೋಡಿದರು. "ಇದು ಕುರಿದೋ, ಬೆಕ್ಕಿಂದೋ?" ಅಂದರು. ಲೇಬಲ್ ಓದಿ ಹೇಳಿದೆ: 75 ಭಾಗ ಉಣ್ಣೆ, 25 ಭಾಗ ನೈಲಾನ್, ಹಿಮ್ಮಡಿ ಬೇಗ ಸವೆಯಬಾರದು ಅಂತ. ಅವರು ಕೇಳಿಸಿಕೊಳ್ಳಲಿಲ್ಲ. ಅರ್ಧ ಹೆಣೆದ ಚೀಲವನ್ನು ಕಡ್ಡಿಗಳ ಸಮೇತ ಒಳಹೊರಗೆ ಮಾಡಿದರು. ಕಿಟಕಿ ಬೆಳಕಿಗೆ ಹಿಡಿದರು. ಹಳದಿ ಮುಗಿದು ಕಿತ್ತಳೆ ಶುರುವಾಗುವ ಜಾಗಕ್ಕೆ ಉಗುರು ಹಾಕಿ ಕೆರೆದರು.

"ಗಂಟ ಎಲ್ಲಿ ಹೋದ್ವು?"

"ಗಂಟೇ ಇಲ್ಲ ಅತ್ತಿ."

"ಗಂಟಿಲ್ದ ಬಣ್ಣ ಹ್ಯಾಂಗ ಬದಲಾಕ್ಕೈತಿ? ನನಗ ಹೇಳ್ಬ್ಯಾಡ."

ಈ ದಾರದ ಜೊತೆ ಒಂದು ಕೆಟ್ಟ ಚಟವೂ ಉಚಿತ. ಮುಂದಿನ ಬಣ್ಣ ಬರೋತನಕ ಏಳೋಕೆ ಮನಸ್ಸಾಗಲ್ಲ. "ಕೆಂಪು ಬಂದಕೂಡಲೇ ಏಳ್ತೀನಿ" ಅಂದುಕೊಂಡೆ, ಹಾಲು ಉಕ್ಕಿತು. "ಬದನೆಕಾಯಿ ಬಣ್ಣ ಮುಗಿಯಲಿ" ಅಂದುಕೊಂಡೆ, ಹಂಚಿನ ಮೇಲಿದ್ದ ಜೋಳದ ರೊಟ್ಟಿಯೇ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಊಟಕ್ಕೆ ಕೂತ ನಮ್ಮ ಮನೆಯವರು ರೊಟ್ಟಿ ಎತ್ತಿ ನೋಡಿ, "ಇದೂ ತಾನ ಪಟ್ಟಿ ಹಾಕ್ಕೊಂಡೈತೇನು?" ಅಂದರು. ಸರ್ಕಾರಿ ಶಾಲೆ ಮೇಷ್ಟ್ರು, ಜೋಕು ಸ್ವಲ್ಪ ಹಳೇದೇ ಇರುತ್ತೆ.

ಇನ್ನು ಕಡ್ಡಿ ಕತೆ. ಎರಡೂವರೆ ಮಿಲಿಮೀಟರಿನ ಐದು ಬಿದಿರು ಕಡ್ಡಿ. ನಾಲ್ಕರ ಮೇಲೆ 16ರಂತೆ 64 ಕುಣಿಕೆ, ಐದನೆಯದು ಹೆಣೆಯೋಕೆ. ಒಂದು ಸಂಜೆ ನೋಡಿದರೆ ಐದನೆಯದು ಇಲ್ಲ. ಮಂಚದ ಕೆಳಗೆ ಹುಡುಕಿದೆ, ದಿಂಬು ಜಾಡಿಸಿದೆ, ಮಗನನ್ನು ಬೈದೆ. ಕಡೆಗೆ ಸಿಕ್ಕಿದ್ದು ಅತ್ತೆಯ ಕೈಯಲ್ಲಿ. ಅದರ ತುದಿಗೆ ಲಾಡಿ ಕಟ್ಟಿ ಲಂಗದ ನೇಫೆಯೊಳಗೆ ತೂರಿಸುತ್ತಿದ್ದರು. "ಭಾಳ ಚಲೋ ಕಡ್ಡಿ, ಪಿನ್ನಕ್ಕಿಂತ ನೆಟ್ಟಗ ಹೋಕ್ಕೈತಿ" ಅಂತ ಸರ್ಟಿಫಿಕೇಟು ಬೇರೆ.

ಹಿಮ್ಮಡಿ ಹತ್ತಿರ ಬಂದಾಗ ಕರೆಂಟು ಹೋಯಿತು, ನಾನು ನೋಡಿಕೊಂಡು ಹೆಣೆಯುತ್ತಿದ್ದ ವಿಡಿಯೋನೂ ನಿಂತಿತು. ಹಿಮ್ಮಡಿಯನ್ನು ಅರ್ಧ ಕುಣಿಕೆಗಳ ಮೇಲೆ ಹಿಂದೆ ಮುಂದೆ ಹೆಣೆಯಬೇಕು. ಸಾಲು ಅರ್ಧವಾದರೆ ಅದೇ ದಾರ ಎರಡರಷ್ಟು ಸಾಲಿಗೆ ಬರುತ್ತೆ, ಪಟ್ಟೆ ದಪ್ಪ ಆಗುತ್ತೆ. ಇದು ನನಗೆ ಆಮೇಲೆ ಗೊತ್ತಾಯಿತು. ಅವತ್ತು ಎಲ್ಲೋ ತಪ್ಪಿದೆ ಅಂತ ಮೂರು ಸಲ ಬಿಚ್ಚಿದೆ. ಮೂರು ಸಲವೂ ಅಷ್ಟೇ ದಪ್ಪ ಪಟ್ಟೆ.

ಮೊದಲನೆಯದು ಮುಗಿಯಿತು. ಚಂದ ಇತ್ತು. ಕಿನ್ನಾಳದ ಬೊಂಬೆಗಳ ಪಕ್ಕ ಇಟ್ಟರೆ ಅವೇ ಮಂಕು ಕಾಣಬೇಕು, ಹಾಗೆ ಮಿರಮಿರ. ಅದೇ ಗುಂಗಲ್ಲಿ ಎರಡನೆಯದನ್ನು ಶುರು ಮಾಡಿದೆ. ಮೊದಲನೆಯದಕ್ಕೆ ದಾರ ಎಳೆದದ್ದು ಉಂಡೆಯ ನಡುವಿನಿಂದ. ಎರಡನೆಯದಕ್ಕೆ ಹೊರಗಿನ ತುದಿ ಕೈಗೆ ಸಿಕ್ಕಿತು, ಅದನ್ನೇ ಹಿಡಿದೆ. ಹಳದಿಯಿಂದಲೇ ಶುರು ಮಾಡಿದ್ದೆ, ನೆನಪಿರಲಿ. ಅಷ್ಟು ಜಾಣತನ ಇತ್ತು. ಆದರೆ ಹಳದಿ ಆದಮೇಲೆ ಕಿತ್ತಳೆ ಬರಲಿಲ್ಲ. ಬದನೆಕಾಯಿ ಬಂತು. ಉಂಡೆಯ ಆ ತುದಿಯಿಂದ ಬಣ್ಣಗಳೆಲ್ಲ ಹಿಂದುಮುಂದು!

ಬಿಚ್ಚಬಹುದಿತ್ತು. ಬಿಚ್ಚಲಿಲ್ಲ.

ನಮ್ಮ ಮನೆಯವರು ಬೂಟು ಹಾಕೋದು ವರ್ಷಕ್ಕೆ ಎರಡೇ ದಿನ, ಆಗಸ್ಟ್ 15 ಮತ್ತು ಜನವರಿ 26. ಎರಡೂ ಕಾಲು ಚಾಚಿ ನೋಡಿಕೊಂಡು, "ಚಲೋ ಆತು ಬಿಡು. ಹುಡುಗ್ರಿಗೆ ಎಡ-ಬಲ ಕಲಿಸಾಕ ಬರ್ತೈತಿ" ಅಂದರು. ಚೀಲ ಎರಡೂ ಆಗಸ್ಟಿನ ದಾರಿ ಕಾಯುತ್ತಾ ಕಪಾಟು ಸೇರಿದವು.

ನಾನು ಮುಂದೇನು ಹೆಣೆಯೋದು ಅಂತ ಯೋಚನೆಗೆ ಬಿದ್ದೆ. ನಿಜ ಹೇಳಲಾ? ಹೆಣೆಯೋದಕ್ಕಿಂತ ಇದೇ ಜಾಸ್ತಿ ಮಜಾ. ಟ್ರಂಕು ತೆಗೆದು ಎಲ್ಲವನ್ನೂ ಹಾಸಿಗೆ ಮೇಲೆ ಹರಡಿದೆ. ಮಗ ಎರಡನೇ ಕ್ಲಾಸಲ್ಲಿದ್ದಾಗ ಶುರು ಮಾಡಿದ ಸ್ವೆಟರ್ ಸಿಕ್ಕಿತು, ಒಂದು ತೋಳು ಬಾಕಿ. ಮಗ ಈಗ ಒಂಬತ್ತನೇ ಕ್ಲಾಸು. ನಾದಿನಿಯ ಕೂಸಿಗೆ ಅಂತ ಅರ್ಧ ಹೆಣೆದ ಟೋಪಿಯೂ ಇತ್ತು, ಆ ಕೂಸು ಈಗ ಸೈಕಲ್ ಹೊಡೆಯುತ್ತೆ. ಇವನ್ನೆಲ್ಲ ಮತ್ತೆ ಒಳಗೆ ತುಂಬಿ, ಹೊಸದನ್ನೇ ಹುಡುಕಿದೆ. ಕಾಟನ್ ದಾರದ ಕೈಚೀಲವೋ, ತೂತುತೂತಿನ ಶಾಲೋ? ಉಳಿದ 30 ಗ್ರಾಮಿನಲ್ಲಿ ಮೊಬೈಲ್ ಚೀಲ ಹೆಣೆದುಕೊಡು ಅಂತ ಮಗನ ಅರ್ಜಿ. ಮೂರು ಸಂಜೆ ಇದರಲ್ಲೇ ಹೋಯಿತು. ರೊಟ್ಟಿ ಆಗಲೂ ಸೀದವು. ಈ ಸಲ ತಪ್ಪನ್ನು ದಾರದ ಮೇಲೆ ಹಾಕೋಣ ಅಂದರೆ ಕೈಯಲ್ಲಿ ದಾರವೇ ಇರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಹಾಸಿಗೆಯಿಂದ ಎದ್ದು ಬಂದರು. ಕಾಲಲ್ಲಿ ನನ್ನ ಕಾಲುಚೀಲ! ಬಿಸಿಲಿಗೆ ಅವರ ಹಿಮ್ಮಡಿ ಒಡೆದು ಎರೆಹೊಲದಂತೆ ಬಿರುಕು ಬಿಟ್ಟಿತ್ತು. ರಾತ್ರಿ ಹರಳೆಣ್ಣೆ ಹಚ್ಚಿ, ಹಾಸಿಗೆಗೆ ಎಣ್ಣೆ ತಾಗಬಾರದು ಅಂತ ಕಪಾಟಿನಿಂದ ತೆಗೆದು ಹಾಕಿಕೊಂಡಿದ್ದರು. ಎಂಟನೇ ನಂಬರಿನ ಚೀಲ, ಅವರ ಪಾದ ಪುಟ್ಟದು. ಬೆರಳ ತುದಿಯಲ್ಲಿ ಎರಡಿಂಚು ಉಣ್ಣೆ ಜೋತಾಡುತ್ತಿತ್ತು. ಹಳದಿಯೆಲ್ಲ ಎಣ್ಣೆ ಹೀರಿ ಸಾಸಿವೆ ಬಣ್ಣಕ್ಕೆ ಬಂದಿತ್ತು.

"ಭಾಳ ಹಿತ ಐತಿ ನೋಡು" ಅಂದರು.

ನಾನು ಮಾತಾಡಲಿಲ್ಲ.

"ಇವನ್ನ ಒಗ್ಯಾಕ ಹಾಕಿದ್ರ ನಾ ಏನ ಹಾಕ್ಕೊಳ್ಲಿ? ಇನ್ನೊಂದ ಜೋಡಿ ಹೆಣಿ. ಈ ಸಲ ಎರಡೂ ಒಂದ ಥರ ಇರ್ಲಿ. ಯಾರರ ಬಂದ್ರ ಏನಂದಾರು?"

ಮಧ್ಯಾಹ್ನ ತಂಗಿಗೆ ಮೆಸೇಜ್ ಹಾಕಿದೆ: ಇನ್ನೊಂದು ಉಂಡೆ ಕಳಿಸು. ಎಣ್ಣೆ ಬಿದ್ದರೂ ಕಾಣದ ಬಣ್ಣ ಇದ್ದರೆ ನೋಡು.