ಮೊದಲು ಹೆಂಚು, ಆಮೇಲೆ ಬಣ್ಣ

ನಮ್ಮೂರ ಹಳೇ ಕೆಥೆಡ್ರಲ್ (ಬಿಷಪ್ಪರ ಮುಖ್ಯ ಚರ್ಚ್) ರಿಪೇರಿಗೆ ದೇಣಿಗೆ ಎತ್ತಲು ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲ್ಲೇ ಮಾದರಿ ಅಂತ ನೀವು ಬರೆದಿದ್ದೀರಿ. ಆದರೆ 2019ರ ಏಪ್ರಿಲ್‌ನಲ್ಲಿ ಅದು ಹೊತ್ತಿ ಉರಿದದ್ದನ್ನು ಇಡೀ ಜಗತ್ತು ಟಿವಿಯಲ್ಲಿ ನೋಡಿತು. ದುಡ್ಡು ಹರಿದು ಬಂತು, 2024ರ ಡಿಸೆಂಬರ್‌ನಲ್ಲಿ ಬಾಗಿಲೂ ತೆರೆಯಿತು. ಮಳೆಗೆ ನಿಧಾನವಾಗಿ ಕೊಳೆಯುವ ಪಕಾಸನ್ನು (ಮಾಡು ಹೊರುವ ಇಳಿಜಾರು ಮರ) ಯಾವ ಟಿವಿ ತೋರಿಸುತ್ತದೆ?

ನಮ್ಮ ಚಿಕ್ಕಮಗಳೂರಿನ ಮಳೆ ಗೊತ್ತಲ್ವಾ. ಒಂದು ಹೆಂಚು ಒಡೆದರೆ ಸಾಕು, ನೀರು ರೀಪು (ಹೆಂಚು ಕೂರುವ ಮರದ ಪಟ್ಟಿ), ಪಕಾಸು, ಗೋಡೆ ಅಂತ ಇಳಿಯುತ್ತಾ ಹೋಗುತ್ತದೆ. ಆದರೆ ಹೆಂಚಿಗೆ ದುಡ್ಡು ಕೊಡಿ ಅಂದರೆ ಯಾರಿಗೂ ಹುಮ್ಮಸ್ಸಿಲ್ಲ. ಹೆಸರು ಕೆತ್ತಿಸುವ ಗ್ರಾನೈಟ್ ಕಲ್ಲಿಗಾದರೆ ನಾ ಮುಂದು ತಾ ಮುಂದು! (ದೇವಸ್ಥಾನದ ಟ್ಯೂಬ್‌ಲೈಟಿನ ಕಥೆಯೂ ಇದೇ. ಬೆಳಕಿಗಿಂತ ದಾನಿಗಳ ಹೆಸರೇ ಜಾಸ್ತಿ.)

ಇನ್ನೊಂದು ಮಾತು. ಸುಣ್ಣದ ಗಾರೆಯ ಗೋಡೆಗೆ ಸುಮ್ನೆ ಸಿಮೆಂಟ್ ಮೆತ್ತಬೇಡಿ. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆ ಉಬ್ಬುತ್ತದೆ, ಆಮೇಲೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಗಾರೆ ಕೆಲಸ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ, ಕೂಲಿಯೂ ಜಾಸ್ತಿ. ಅದನ್ನೂ ಸೇರಿಸಿ ಚರ್ಚಿನವರು ಲೆಕ್ಕ ಹಾಕಿ, ಚರ್ಚ್ ಬಾಗಿಲಲ್ಲೇ ಬೋರ್ಡಿಗೆ ಬರೆದು ಹಾಕಲಿ. ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ಕಂಡರೆ ಬೇರೆ ಧರ್ಮದವರೂ ಕೊಡುತ್ತಾರೆ.

ಹಾಸನದ ಶೆಟ್ಟಿಹಳ್ಳಿ ಚರ್ಚಿಗೆ ಹೇಮಾವತಿ ಅಣೆಕಟ್ಟಿನ ಹಿನ್ನೀರು ನುಗ್ಗಿ ಅದು ಪಾಳುಬಿತ್ತು, ಅದು ಬೇರೆ ಮಾತು. ಇಲ್ಲಿ ಬೇಕಾಗಿರುವುದು ಜೂನ್‌ಗೆ ಮುಂಚೆ ಒಂದಷ್ಟು ಹೆಂಚು.